ಎಡಕ್ಕೆ ಮೌಸ್ ಇಟ್ಟ ಅಂಗಡಿ

ಹಳೆಯ ಕೀಬೋರ್ಡ್ ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ. ಮೊದಲು ಅದನ್ನು ಬೋರಲು ಹಾಕಿ ತಟ್ಟಿ. ಉದುರುವ ಕಸ ನೋಡಿದರೆ ಅದು ಎಲ್ಲಿಂದ ಬಂದದ್ದೆಂದು ತಿಳಿಯುತ್ತದೆ. ಆಫೀಸಿನದಾದರೆ ಸ್ಟೇಪ್ಲರ್ ಪಿನ್ನು, ಆಟದ ಅಂಗಡಿಯದಾದರೆ ಚುರುಮುರಿ. ಆಮೇಲೆ ಬೆಳಕಿಗೆ ಹಿಡಿದು ಯಾವ ಅಕ್ಷರ ಅಳಿಸಿದೆ ನೋಡಿ. ಅದನ್ನು ಮಾರುವವನಿಗೆ ತೋರಿಸಿ, ಏನೂ ಮಾತಾಡದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ದರ ತಾನಾಗಿ ಇಳಿಯುತ್ತದೆ.

ಎರಡು ಸಾವಿರದ ನಂತರದ ವರ್ಷಗಳಲ್ಲಿ ನಾನು ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹತ್ತಿರ, ದುಡ್ಡು ಕೊಟ್ಟು ಕಂಪ್ಯೂಟರಿನಲ್ಲಿ ಆಡುವ ಗೇಮ್ ಅಂಗಡಿ ನಡೆಸುತ್ತಿದ್ದೆ. ಸಾಮಾನೆಲ್ಲ ಕೊಲ್ಲಾಪುರದ ಹಳೆ ಬಾಜಾರಿನಿಂದ ತರುತ್ತಿದ್ದೆ. ಅಲ್ಲಿ ಸಿಗುತ್ತಿದ್ದ ಕೀಬೋರ್ಡುಗಳಲ್ಲಿ ಡಬ್ಲ್ಯೂ, ಎ, ಎಸ್, ಡಿ ಎಂಬ ನಾಲ್ಕು ಅಕ್ಷರಗಳು ಮಾತ್ರ ಅಳಿಸಿರುತ್ತಿದ್ದವು. ಬಲಗಡೆಯ ಬಾಣದ ಗುಂಡಿಗಳನ್ನಂತೂ ಯಾರೂ ಮುಟ್ಟಿಯೇ ಇಲ್ಲ ಎನ್ನಿಸುತ್ತಿತ್ತು. ನಮ್ಮಲ್ಲಿ ಆಡುವವರೋ ಬರೇ ಬಾಣದ ಗುಂಡಿ ಒತ್ತುವವರು. ನನಗೆ ಎರಡೂ ಕಡೆ ಲಾಭ: ಅಳಿಸಿದ ಅಕ್ಷರ ತೋರಿಸಿ ಕಡಿಮೆಗೆ ತರುವುದು, ಸವೆಯದ ಬಾಣಗಳನ್ನು ನಮ್ಮವರ ಕೈಗೆ ಕೊಡುವುದು. ಆ ನಾಲ್ಕೇ ಅಕ್ಷರ ಯಾಕೆ ಅಳಿಸುತ್ತವೆ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ದರ ಇಳಿಸಲು ಒಂದು ಕಾರಣ ಸಿಕ್ಕಿತೆಂದರೆ ವ್ಯಾಪಾರಸ್ಥ ಅದರಾಚೆ ಇನ್ನೊಂದು ಕಾರಣ ಹುಡುಕಲು ಹೋಗುವುದಿಲ್ಲ.

ಅಂಗಡಿಗೆ ದುಡ್ಡು ಹಾಕಿದವನು ನಾನು. ಆದರೆ ಅಲ್ಲಿನ ಪ್ರತಿ ಟೇಬಲ್ಲು, ಪ್ರತಿ ವೈರು ನನ್ನ ಅಣ್ಣನ ಕೈಯಿಂದ ಬಂದದ್ದು. ಅಣ್ಣ ಮೊದಲು ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ. ಒಂದು ಕಾಲಕ್ಕೆ ಅವನ ಅಂಗಡಿಯ ಮುಂದೆ ಸುತ್ತಲಿನ ಹಳ್ಳಿಯವರು ಟಿವಿಯನ್ನು ಮಗುವಿನಂತೆ ಚಾದರದಲ್ಲಿ ಸುತ್ತಿಕೊಂಡು ಬಂದು ಕೂತಿರುತ್ತಿದ್ದರು. ಕೆಟ್ಟದ್ದನ್ನು ಎಸೆದು ಹೊಸದು ತರುವ ರೂಢಿ ಬಂದ ಮೇಲೆ ಅವನ ಕೆಲಸ ನಿಂತಿತು. ನಾನು ಕರೆದೆ, ಬಂದ. ಬಂದವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ. ಆಡುವವರೆಲ್ಲ ಅವನಿಗೆ 'ಅಣ್ಣಾರ' ಎನ್ನುತ್ತಿದ್ದರು; ನನಗೆ ಬರೇ 'ಶೇಟ್' ಎನ್ನುತ್ತಿದ್ದರು. ಆ ಸ್ಟೂಲಿನ ಹೊರತು ಅವನಿಗೆ ಹೊರಗೆ ಬೇರೆ ಜಾಗ ಉಳಿದಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕಂಪ್ಯೂಟರಿಗೂ ಮೊದಲು ನಮ್ಮಲ್ಲಿ ಇದ್ದದ್ದು ಟಿವಿಗೆ ಜೋಡಿಸಿ ಆಡುವ ಗೇಮು. ಅದರ ಜೊತೆ ಬರುವ ಪ್ಲಾಸ್ಟಿಕ್ ರಿಮೋಟುಗಳು ನಮ್ಮ ಹುಡುಗರ ಕೈಯಲ್ಲಿ ಬಾಳುತ್ತಿರಲಿಲ್ಲ. ಅಣ್ಣ ಹಳೆ ಟಿವಿಯ ಕಟ್ಟಿಗೆಯಿಂದ ಪೆಟ್ಟಿಗೆ ಮಾಡಿದ, ಟೇಪ್ ರೆಕಾರ್ಡರಿನ ಸ್ಪ್ರಿಂಗು ಹಾಕಿ ಜಾಯ್‌ಸ್ಟಿಕ್ ನಿಲ್ಲಿಸಿದ, ಅದರ ತುದಿಗೆ ಕಪಾಟಿನ ಹಿಡಿಕೆ ಕೂರಿಸಿದ. ಗುಂಡು ಹಾರಿಸಲು ಕಾಲಿಂಗ್ ಬೆಲ್ಲಿನ ಗುಂಡಿ. ಅಥಣಿ, ರಾಯಬಾಗದ ಅಂಗಡಿಯವರು ಕೂಡ ಆ ಪೆಟ್ಟಿಗೆಗಳನ್ನು ಕೇಳಿಕೊಂಡು ಬಂದರು. ನಾನೇ ಮಾತಾಡಿ ಕೊಡಿಸಿದೆ.

ಆದರೆ ಒಂದು ವಿಷಯ. ಕಂಪನಿಯ ರಿಮೋಟಿನಲ್ಲಿ ದಿಕ್ಕು ತಿರುಗಿಸುವುದು ಎಡಗಡೆ, ಗುಂಡು ಹಾರಿಸುವುದು ಬಲಗಡೆ. ಅಣ್ಣ ಜಾಯ್‌ಸ್ಟಿಕ್ಕಿನ ಕಡ್ಡಿಯನ್ನು ಬಲಗಡೆ ಹಾಕಿದ್ದ.

"ಅಣ್ಣಾ, ಕಂಪನ್ಯಾವ್ರು ಎಡಕ್ಕ ಕೊಟ್ಟಾರಲ್ಲೋ" ಎಂದೆ.

"ದಾರಿ ತೋರ್ಸೋದು ದೊಡ್ಡ ಕೆಲಸೋ, ಗುಂಡಿ ಒತ್ತೋದು ದೊಡ್ಡ ಕೆಲಸೋ?"

"ದಾರಿ ತೋರ್ಸೋದು."

"ಉಣ್ಣೋದು ಯಾವ ಕೈ? ಆರತಿ ತಗೊಳ್ಳೋದು ಯಾವ ಕೈ? ದೊಡ್ಡ ಕೆಲಸ ಬಲಗೈದು. ಕಂಪನ್ಯಾವ್ರು ಪರದೇಶದವ್ರು, ಚಮಚಾ ಹಿಡ್ಕೊಂಡು ಎಡಗೈಲೇ ಉಣ್ತಾರ. ಅವ್ರಿಗೇನ್ ತಿಳೀತೈತಿ."

ನನಗೆ ಇದು ಸರಿಯಾಗಿಯೇ ಕಂಡಿತು. ಕೊಳ್ಳಲು ಬಂದವರೂ ತಕರಾರು ಮಾಡಲಿಲ್ಲ. ನಮ್ಮ ಕಡೆ ಎಡಗೈಯಿಂದ ಬಸ್ಸಿನ ಟಿಕೆಟ್ ಈಸಿಕೊಂಡರೂ ಕಂಡಕ್ಟರ್ ಮುಖ ನೋಡುತ್ತಾನೆ.

ಕಂಪ್ಯೂಟರ್ ಬಂದಾಗ ಕೀಬೋರ್ಡಿನಲ್ಲಿ ಬಾಣಗಳು ಬಲಗಡೆಯೇ ಇದ್ದವು. ಅಣ್ಣನಿಗೆ ಬಹಳ ಸಮಾಧಾನವಾಯಿತು. "ನೋಡಿದಿಲ್ಲ, ತಡಾಗಿ ಆದ್ರೂ ಅವ್ರಿಗೆ ಬುದ್ಧಿ ಬಂತು" ಎಂದ. ಆಮೇಲೆ ಮೌಸ್ ಬೇಕಾಗುವ ಆಟಗಳು ಬಂದವು. ಒಂದು ಕೈಯಿಂದ ನಡೆಯಬೇಕು, ಇನ್ನೊಂದು ಕೈಯಿಂದ ಮೌಸ್ ಹಿಡಿದು ಗುರಿ ನೋಡಿ ಹೊಡೆಯಬೇಕು. ಬೇರೆ ಊರುಗಳಲ್ಲಿ ಜನ ಏನು ಮಾಡಿದರೆಂಬುದು ನನಗೆ ಆಮೇಲೆ ತಿಳಿಯಿತು: ಬಲಗೈಗೆ ಮೌಸ್ ಕೊಟ್ಟು, ನಡೆಯುವ ಕೆಲಸವನ್ನು ಎಡಗೈಯ ಕೆಳಗೆ ಸಿಗುವ ನಾಲ್ಕು ಅಕ್ಷರಗಳಿಗೆ ವರ್ಗ ಮಾಡಿದರು. ಅಣ್ಣ ತಿರುವುಮುರುವು ಮಾಡಿದ. ಬಾಣಗಳು ಬಲಗೈಗೇ ಇರಲಿ ಎಂದು ಮೌಸನ್ನು ಕೀಬೋರ್ಡಿನ ಎಡಕ್ಕೆ ತಂದ. ಪ್ರತಿ ಟೇಬಲ್ಲಿನ ಎಡಬದಿಗೆ ತೂತು ಕೊರೆದು ವೈರು ಇಳಿಸಿದ. ಎಡಗೈಯ ತೋರುಬೆರಳಿಗೆ ಅನುಕೂಲವಾಗಲೆಂದು ಮೌಸಿನ ಎರಡು ಗುಂಡಿಗಳನ್ನೂ ಸೆಟ್ಟಿಂಗಿನಲ್ಲಿ ಅದಲುಬದಲು ಮಾಡಿದ. ಎಷ್ಟು ಅಚ್ಚುಕಟ್ಟೆಂದರೆ, ಹೊಸದಾಗಿ ಕಲಿತವರಿಗೆ ಮೌಸ್ ಇರುವುದೇ ಎಡಗಡೆ ಎನ್ನಿಸಿತು. ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಒಂದು ತಲೆಮಾರು ಹಾಗೆಯೇ ಕಲಿತು ನಿಂತಿತು.

ನಿಪ್ಪಾಣಿಯಲ್ಲಿ ಇನ್ನೊಂದು ಅಂಗಡಿ ಇತ್ತು. ಅದರ ಮಾಲಕ ಕೊಗನೊಳ್ಳಿಯವನು, ಒಳ್ಳೆ ಮಾತುಗಾರ, ಅರ್ಧ ಮರಾಠಿ ಅರ್ಧ ಕನ್ನಡ. ಎರಡೂ ಅಂಗಡಿಗೆ ಹೆಸರಾಗಲಿ ಎಂದು ನಾನೇ ಅವನಿಗೆ ಪಂದ್ಯದ ಮಾತು ತೆಗೆದೆ. ಅವನ ನಾಲ್ವರು, ನಮ್ಮ ನಾಲ್ವರು. ನಾನು ಒಂದಿಡೀ ಮಧ್ಯಾಹ್ನ ಅವನ ಜೊತೆ ಕೂತು ಕರಾರು ಮಾಡಿದೆ. ಯಾವ ಆಟ, ಯಾವ ನಕ್ಷೆ, ನಾಷ್ಟಾ ಯಾರದು, ಬಸ್ ಚಾರ್ಜು ಯಾರದು, ಕರೆಂಟು ಹೋದರೆ ಮತ್ತೆ ಮೊದಲಿಂದ ಆಡಬೇಕೋ ಬಿಟ್ಟಲ್ಲಿಂದಲೋ, ಒಂದನ್ನೂ ಬಿಡಲಿಲ್ಲ. ಮೌಸ್ ಯಾವ ಕಡೆ ಇರುತ್ತದೆ ಎಂದು ಮಾತ್ರ ಕೇಳಲಿಲ್ಲ. ನೀವೂ ಎಲ್ಲಾದರೂ ಕರಾರು ಮಾಡುವವರಿದ್ದರೆ ನೆನಪಿಡಿ: ಚೌಕಾಸಿ ಮಾಡಿದ ವಿಷಯದಲ್ಲಿ ಪೆಟ್ಟು ಬೀಳುವುದು ಕಡಿಮೆ. ಇದರಲ್ಲಿ ಕೇಳುವುದೇನಿದೆ ಎಂದು ಬಿಟ್ಟಿರುತ್ತೀರಲ್ಲ, ಪೆಟ್ಟು ಅಲ್ಲಿಂದ ಬರುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಆರು ಜನ ಬಸ್ಸು ಹತ್ತಿದೆವು. ನಾಲ್ವರು ಆಟಗಾರರು, ಅಣ್ಣ, ನಾನು. ನಮ್ಮ ಕಡೆಯ ಹುಲಿ ಎಂದರೆ ಕರೋಶಿ ಹಳ್ಳಿಯ ಹುಡುಗ, ಐಟಿಐ ಓದುತ್ತಿದ್ದ. ಅವನು ಮೊದಲ ಬಾರಿ ಕೀಬೋರ್ಡ್ ಮುಟ್ಟಿದ್ದೇ ನಮ್ಮ ಅಂಗಡಿಯಲ್ಲಿ. ಅಣ್ಣ ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ.

ನಿಪ್ಪಾಣಿಯ ಅಂಗಡಿಯಲ್ಲಿ ಒಬ್ಬೊಬ್ಬರ ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ಮೌಸಿನ ವೈರು ಬಲಗಡೆಯ ತೂತಿನಿಂದ ಗೇಣುದ್ದ ಹೊರಗೆ ಬಂದಿತ್ತು, ಅಷ್ಟೇ. ಕರೋಶಿಯವನು ಅದನ್ನು ಎಡಕ್ಕೆ ಎಳೆದ. ಅದು ಕೀಬೋರ್ಡಿನ ನಡುವಿಗೆ ಬಂದು ನಿಂತಿತು.

"ಅಣ್ಣಾರ, ಇದು ಆ ಕಡಿಗೆ ಬರವಲ್ದು."

ಅಣ್ಣ ಬಗ್ಗಿ ಟೇಬಲ್ಲಿನ ಕೆಳಗೆ ನೋಡಿದ. ವೈರನ್ನು ಒಳಗಿನಿಂದ ಮೊಳೆ ಹೊಡೆದು ಬಿಗಿದಿದ್ದರು.

ಕೊಗನೊಳ್ಳಿಯವನು ಬಂದು ನಮ್ಮ ನಾಲ್ವರನ್ನೂ ಒಮ್ಮೆ ನೋಡಿದ. ನಾಲ್ವರೂ ಎಡಗೈ ಚಾಚಿ ಮೌಸ್ ಎಳೆಯುತ್ತಿದ್ದರು. "ಕಾಯ್ ಶೇಟ್," ಎಂದ ನನಗೆ, "ಹುಡುಕಿ ಹುಡುಕಿ ನಾಕೂ ಡಾವಖುರೇ ತಂದೀರೇನು? ಚಿಕ್ಕೋಡ್ಯಾಗ ಬಲಗೈ ಇದ್ದಾವ್ರು ಯಾರೂ ಸಿಗ್ಲಿಲ್ಲ?" ಡಾವಖುರೇ ಎಂದರೆ ಎಡಚರು. ಅಂಗಡಿಯೆಲ್ಲ ನಕ್ಕಿತು.

"ಎಡಚರಲ್ರಿ, ನಮ್ಮ ಪದ್ಧತಿ ಹಂಗೈತಿ" ಎಂದ ಅಣ್ಣ.

"ಪದ್ಧತಿ? ಹೊಡೆಯೋ ಕೈ ಬಲಗೈ ಅಲ್ಲೇನ್ರಿ ಅಣ್ಣಾ? ಕುಸ್ತಿ ಕಣದಾಗ ಎಡಗೈ ಮುಂದ ಹೋಗಿ ಹಿಡೀತೈತಿ, ಬಲಗೈ ಕೆಡವತೈತಿ. ಇದೂ ಹಂಗ."

ಅಣ್ಣನಿಗೆ ಬಲಗೈ ಎಂದರೆ ದಾರಿ ತೋರಿಸುವ ಕೈ. ಕೊಗನೊಳ್ಳಿಯವನಿಗೆ ಹೊಡೆಯುವ ಕೈ. ಇಬ್ಬರೂ ದೊಡ್ಡ ಕೆಲಸ ಬಲಗೈಗೇ ಎನ್ನುತ್ತಿದ್ದರು. ದೊಡ್ಡ ಕೆಲಸ ಯಾವುದು ಎಂಬುದರಲ್ಲಿ ಬೇರೆಯಾಗಿದ್ದರು. ಇದು ನನಗೆ ಅಲ್ಲಿ ನಿಂತಾಗ ಹೊಳೆದದ್ದಲ್ಲ, ಆಮೇಲೆ ಯೋಚಿಸಿದ್ದು. ಅಲ್ಲಿ ನಿಂತಾಗ ನಾನು ನೋಡಿದ್ದು ಅವರ ಕೀಬೋರ್ಡುಗಳನ್ನು. ಅದೇ ನಾಲ್ಕು ಅಕ್ಷರ ಅಳಿಸಿದ್ದವು. ಆ ನಾಲ್ಕನ್ನು ತೋರಿಸಿ ಎಷ್ಟೊಂದು ಬಾರಿ ದರ ಇಳಿಸಿದ್ದೆನೋ, ಅವೆಲ್ಲ ಒಮ್ಮೆಗೇ ನೆನಪಿಗೆ ಬಂದವು.

ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮವರು ಗೋಡೆಗೆ ಮುಖ ಮಾಡಿ ನಡೆದರು. ಗುಂಡು ಹಾರಿಸಲು ಹೋಗಿ, ಮೌಸಿನ ಗುಂಡಿ ಅದಲುಬದಲಾಗಿ, ಬಂದೂಕಿನ ದುರ್ಬೀನು ತೆಗೆದರು. ಒಬ್ಬನಂತೂ ಬಲಗೈಯಲ್ಲಿ ಮೌಸ್ ಹಿಡಿದು, ಎಡಗೈಯನ್ನು ಕೀಬೋರ್ಡಿನ ಮೇಲಿಂದ ದಾಟಿಸಿ ಬಾಣಗಳ ಮೇಲಿಟ್ಟು, ಚಳಿ ಹತ್ತಿದವನಂತೆ ಮುದುರಿ ಕೂತು ಆಡಿದ. ನಾಷ್ಟಾ ಮಾತ್ರ ಕರಾರಿನ ಪ್ರಕಾರ ಚೆನ್ನಾಗಿತ್ತು.

ವಾಪಸು ಬರುವ ಬಸ್ಸು ಚಿಕ್ಕೋಡಿ ಹತ್ತಿರ ಬಂದಾಗ ಕರೋಶಿಯವನು ನನ್ನ ಕಡೆ ತಿರುಗಿ, "ಶೇಟ್, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಾವು ಸೋತಿಲ್ರಿ. ನಮ್ಮ ಟೇಬಲ್ ಸೋತಾವು" ಎಂದ. ಅವನು ನನ್ನ ಸಮಾಧಾನಕ್ಕೆ ಹೇಳಿದ್ದು. ಮುಂದಿನ ಸೀಟಿನಲ್ಲಿ ಅಣ್ಣ ಕೂತಿದ್ದ. ಅವನ ಕಿವಿ ಕೆಂಪಾದದ್ದು ಹಿಂದಿನಿಂದ ಕಂಡಿತು.

ಮರುದಿನ ಅಣ್ಣ ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸ್ಟೂಲು ಖಾಲಿ. ಬಂದವರೆಲ್ಲ ಒಂದೇ ಮಾತು: ಎಲ್ಲ ಮೌಸ್ ಬಲಕ್ಕೆ ಹಾಕಿಸಿ, ಹೊರಗೆ ಹೋದರೆ ಮಾನ ಹೋಗುತ್ತದೆ. ಒಬ್ಬ ಬಡಗಿಯನ್ನು ಕರೆದರೆ ಅರ್ಧ ದಿನದ ಕೆಲಸ. ನಾನು ಕರೆಯಲಿಲ್ಲ. ಅಣ್ಣ ಇಲ್ಲದಾಗ ಆ ಟೇಬಲ್ಲಿಗೆ ಇನ್ನೊಬ್ಬನ ಕೈ ಬಿದ್ದರೆ ಅಣ್ಣ ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ ಎಂದು ನನಗೆ ಖಾತ್ರಿ ಇತ್ತು. ಹಾಗೆಂದು ಬಿಟ್ಟರೆ ಗಿರಾಕಿಗಳು ಉಳಿಯುವುದಿಲ್ಲ.

ಆ ನಡುವೆ ಕೊಲ್ಲಾಪುರಕ್ಕೆ ಹೋದಾಗ ಹಳೆ ಸಾಮಾನಿನ ವ್ಯಾಪಾರಿಯನ್ನು ಕೊನೆಗೂ ಕೇಳಿದೆ. ಅವನು ಮುಂಬೈಯಲ್ಲಿ ನಾಣ್ಯ ಹಾಕಿ ಆಡುವ ಮಷೀನುಗಳ ಹತ್ತಿರ ಕೆಲಸ ಮಾಡಿದವನು. ಶುರುವಿನ ಮಷೀನುಗಳಲ್ಲಿ ಕಡ್ಡಿ ಒಂದೊಂದರಲ್ಲಿ ಒಂದೊಂದು ಕಡೆ ಇರುತ್ತಿತ್ತಂತೆ, ಕೆಲವದರಲ್ಲಿ ನಟ್ಟನಡುವೆ. ಬರಬರುತ್ತ ಎಡಕ್ಕೆ ಹೋಗಿ ನಿಂತಿತು. ಯಾಕೆ ಎಂದರೆ ಅವನು ನಕ್ಕ. ಬಾರದ ಕೈಗೆ ಕಷ್ಟದ ಕೆಲಸ ಕೊಟ್ಟರೆ ಆಡುವವನು ಬೇಗ ಸಾಯುತ್ತಾನೆ, ಬೇಗ ಸತ್ತರೆ ಇನ್ನೊಂದು ನಾಣ್ಯ ಹಾಕುತ್ತಾನೆ ಎಂದ. ನಿಜವೋ ಸುಳ್ಳೋ ನಾನು ಕಾಣೆ. ಗುಂಡಿಯನ್ನು ಟಪಟಪ ಬಡಿಯಲು ಬಲಗೈಯೇ ಚುರುಕು, ಅದಕ್ಕೇ ಹಾಗಾಯಿತು ಎಂದು ಪಕ್ಕದ ಅಂಗಡಿಯವನು ವಾದಿಸಿದ. ಆ ನಾಲ್ಕು ಅಕ್ಷರಗಳ ಬಗ್ಗೆ ಮಾತ್ರ ಇಬ್ಬರೂ ಒಪ್ಪಿದರು: ಅದನ್ನು ಕಂಪನಿ ಹೇಳಿಕೊಟ್ಟದ್ದಲ್ಲ. ಆಡುವವರೇ ಸೆಟ್ಟಿಂಗಿನಲ್ಲಿ ಬದಲಿಸಿಕೊಂಡರು, ಗೆದ್ದವನನ್ನು ನೋಡಿ ಪಕ್ಕದವನು ಬದಲಿಸಿದ, ಆಮೇಲೆ ಕಂಪನಿಯವರೂ ಅದನ್ನೇ ಇಟ್ಟರು. ಅಣ್ಣ ಮಾಡಿದ್ದೂ ಅದನ್ನೇ ಅಲ್ಲವೇ ಎಂದುಕೊಂಡೆ. ವ್ಯತ್ಯಾಸವೆಂದರೆ ಅವನನ್ನು ನೋಡಿ ಬದಲಿಸಿಕೊಂಡದ್ದು ಒಂದು ಓಣಿ ಮಾತ್ರ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಅಣ್ಣನ ಮನೆಗೆ ಹೋದೆ. ಹೋಗುವಾಗ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಅರ್ಧ ಟೇಬಲ್ ಬಲಕ್ಕೆ, ಅರ್ಧ ಎಡಕ್ಕೆ. ಅದಕ್ಕೂ ಒಪ್ಪದಿದ್ದರೆ ಮೂರರಲ್ಲಿ ಒಂದನ್ನಾದರೂ ಬಲಕ್ಕೆ. ಹಿರಿಯರ ಜೊತೆ ಚೌಕಾಸಿ ಮಾಡುವಾಗ ಕೊನೆಯ ದರವನ್ನು ಅವರ ಬಾಯಿಂದಲೇ ಹೊರಡಿಸಬೇಕು, ಇದು ನಾನು ಎಲ್ಲರಿಗೂ ಹೇಳುವ ಮಾತು.

ಅಣ್ಣ ಅಡುಗೆಮನೆಯಲ್ಲೇ ತಾಟಿನ ಮುಂದೆ ಕೂತಿದ್ದ. ವೈನಿ, ಎಂದರೆ ಅವನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದರು.

"ಬರ್ರಿ, ಕುಂಡ್ರಿ" ಎಂದರು ವೈನಿ. "ಇಬ್ರೂ ಮಾತಾಡ್ಕೊಂಡ್ರ ನನಗೂ ಮನ್ಯಾಗ ಗಾಳಿ ಆಡತೈತಿ. ದಿನಾ ಪೂರ್ತಿ ಒಳಗ ಹೊರಗ ಅಡ್ಡಾಡಿ, ಚಲೋ ಇದ್ದ ಮಿಕ್ಸರ್ ಸುದ್ದಾ ಬಿಚ್ಚಿ ಇಟ್ಟಾರ."

ನಾನು ಕೂತೆ. ಕೂತವನಿಗೆ ಎದುರಿಗೆ ಕಂಡದ್ದು ವೈನಿಯ ಕೈ. ಎಡಗೈ ರೊಟ್ಟಿಯ ಅಂಚು ಹಿಡಿದು ತಿರುಗಿಸುತ್ತಿತ್ತು, ಬಲಗೈ ಬಡಿಯುತ್ತಿತ್ತು. ನನಗೆ ದೇವರೇ ಉದಾಹರಣೆ ಕೊಟ್ಟಂತಾಯಿತು.

"ಅಣ್ಣಾ, ಅಲ್ಲಿ ನೋಡು. ವೈನಿ ಎಡಗೈಲೆ ತಿರಗಸ್ತಾರ, ಬಲಗೈಲೆ ಬಡೀತಾರ. ನಿಪ್ಪಾಣ್ಯಾವ್ರ ಆಟ ಇದ ಐತಿ. ಯಾರೂ ಹೇಳಿಲ್ಲ, ಕೈ ತಾನ ಹಂಗ ಹೋಗತೈತಿ."

ಅಣ್ಣ ತಲೆ ಎತ್ತಿ ನೋಡಿದ. ನಾನೂ ನೋಡಿದೆ. ಇಬ್ಬರೂ ನೋಡುತ್ತಿರುವಾಗ ವೈನಿಯ ಕೈ ತಡವರಿಸಿತು, ರೊಟ್ಟಿ ನಡುವೆ ಹರಿಯಿತು.

"ಹಿಂಗ ಕಣ್ಣು ಬಿಟ್ಕೊಂಡು ನೋಡಿದ್ರ ಹರೀತೈತ್ರಿ" ಎಂದು ಹಿಟ್ಟನ್ನು ಮುದ್ದೆ ಮಾಡಿದರು. ಆಮೇಲೆ, ತಲೆ ಎತ್ತದೆ, "ತಾನ ಏನೂ ಹೋಗಿಲ್ಲ ನನ್ನ ಕೈ. ನಿಮ್ಮವ್ವ ಕಳಿಸ್ಯಾರ" ಎಂದರು.

"ಅಂದ್ರ?" ಎಂದ ಅಣ್ಣ.

"ನಾ ತವರಮನಿ ಸತ್ತಿ ಊರಾಗ ನಮ್ಮವ್ವನ ಎದ್ರಿಗೆ ಕುಂತು ರೊಟ್ಟಿ ಬಡಿಯೋದು ಕಲ್ತಾಕಿ. ಒಲಿ ಆ ಕಡಿಗೆ ಅಕಿ, ಈ ಕಡಿಗೆ ನಾ. ಅಕಿ ಬಲಗೈ ನನಗ ಎಡಗೈ ಬಾಜೂಕ ಕಾಣ್ತಿತ್ತು. ಹಂಗ ನೋಡಿ ನೋಡಿ ನಾ ಎಡಗೈಲೆ ಬಡೀತಿದ್ನಿ. ಲಗ್ನಾಗಿ ಬಂದ ಮರುದಿನ ಇಲ್ಲೇ ಬಡಿಯಾಕ ಕುಂತೆ, ನಿಮ್ಮವ್ವ ನೋಡಿದ್ರು. ಎಡಗೈಲೆ ಬಡಿದ ರೊಟ್ಟಿ ಗಂಡಸರ ತಾಟಿಗೆ ನೀಡಬಾರ್ದು ಅಂದ್ರು."

"ಆಮ್ಯಾಲೆ?"

"ಆಮ್ಯಾಲೇನು, ಕೈ ಬದಲಿ ಮಾಡಿದ್ನಿ. ದಿನಾ ಹರೀತಿದ್ವು. ಹರಿದದ್ದು ನನಗ, ಭಾಳ ಹರಿದದ್ದು ಎಮ್ಮಿಗೆ."

ಒಲೆಯ ಮೇಲಿನ ರೊಟ್ಟಿ ಉಬ್ಬಿತು. ವೈನಿ ಅದನ್ನು ತಿರುವಿ ಹಾಕಿದರು. ಅಣ್ಣ ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿಯಲಿಲ್ಲ.

"ನನಗ ಹೇಳ್ಲಿಲ್ಲಲ್ಲ ನೀ" ಎಂದ.

"ಏನಂತ ಹೇಳ್ಲಿ? ನಿಮ್ಮ ತಾಟಿಗೆ ಬಂದದ್ದು ಚಲೋ ರೊಟ್ಟಿನ ಇತ್ತಲ್ಲ."

ಅವರು ಇದನ್ನು ದೂರಿನಂತೆ ಹೇಳಲಿಲ್ಲ. ನಮ್ಮವ್ವ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಕೊನೆಗಾಲದಲ್ಲಿ ಅವಳಿಗೆ ಉಣ್ಣಿಸಿದ್ದೂ ಇದೇ ವೈನಿ. ವರ್ಷಗಟ್ಟಲೆ ಆ ಮನೆಯಲ್ಲಿ ಉಂಡವನು ನಾನೂ ಹೌದು. ಅಣ್ಣ ಆಮೇಲೆ ಊಟ ಮಾಡಿದ. ನಾನು ಅಂಗಡಿಯ ವಿಷಯ ಎತ್ತದೆ ಎದ್ದು ಬಂದೆ.

ಮರುದಿನ ನಾನು ಬಾಗಿಲು ತೆಗೆಯುವ ಹೊತ್ತಿಗೆ ಅಣ್ಣ ಡ್ರಿಲ್ ಮಷೀನು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಬಂದು ಮೊದಲ ಟೇಬಲ್ಲಿನ ಬಲಬದಿಗೆ ಪೆನ್ಸಿಲಿನಿಂದ ಗುರುತು ಹಾಕಿದ.

"ಎಡಕ್ಕಿನ ತೂತು ಮುಚ್ಚಂಗಿಲ್ಲ" ಎಂದ. "ಬಲಕ್ಕ ಇನ್ನೊಂದು ಕೊರೀತೀನಿ. ವೈರು ಉದ್ದಂದು ತಾ. ಎರಡೂ ಕಡಿಗೆ ಹೋಗ್ಬೇಕು."

"ಎರಡೂ ಯಾಕ ಅಣ್ಣಾ? ಎಲ್ಲಾರೂ ಬಲಕ್ಕ ಬೇಕಂತಾರ."

"ಎಲ್ಲಾರನ್ನೂ ಕೇಳೀ ಏನು? ನಾನೂ ಕೇಳಿರ್ಲಿಲ್ಲ. ಕಲಿಸಿ ಕುಂಡ್ರಿಸಿದ್ನಿ. ಈಗ ಮತ್ತ ಬಿಡಿಸಿ ಬಲಕ್ಕ ಕುಂಡ್ರಿಸ್ಲೇನು? ನಾ ಮಾಡಂಗಿಲ್ಲ ಅದನ್ನ."

ಉದ್ದದ ವೈರು ಎಂದರೆ ದರ ಹೆಚ್ಚು. ಅವತ್ತು ನಾನು ಚೌಕಾಸಿ ಮಾಡಲಿಲ್ಲ. ಸುಮ್ಮನೆ ಹೋಗಿ ತಂದೆ.

ಸಂಜೆ ಕರೋಶಿಯವನು ಬಂದ. ಎರಡು ತೂತು ನೋಡಿ ಬಾಗಿಲಲ್ಲೇ ನಿಂತ. ಬಸ್ಸಿನಲ್ಲಿ ಆಡಿದ ಮಾತು ಅಣ್ಣನಿಗೆ ಕೇಳಿತ್ತೆಂದು ಅವನಿಗೆ ಅಷ್ಟರಲ್ಲಿ ಯಾರೋ ಹೇಳಿದ್ದರು.

"ಅಣ್ಣಾರ, ನಾ ಬಲಗೈಗೆ ಬದಲಿ ಮಾಡ್ಲೇನ್ರಿ?"

"ಕೈ ನಿಂದು. ನನ್ನ ಯಾಕ ಕೇಳ್ತೀ?"

"ನೀವ ಕಲಿಸೀರಿ ಅಂತ ಕೇಳಿದ್ನಿ."

"ಮಾಡು. ಸ್ವಲ್ಪ ದಿನ ಎಲ್ಲಾರೂ ನಿನ್ನ ಹೊಡೀತಾರ. ಹೊಡಿಸ್ಕೋ. ಆಗ್ಲಿಲ್ಲ ಅಂದ್ರ ಎಡಕ್ಕ ಬಾ. ಯಾರೂ ನಗಂಗಿಲ್ಲ. ನಕ್ಕರ ನಾ ಅದೀನಿ."

ಅವನು ಬದಲಿಸಿದ. ತಿಂಗಳುಗಟ್ಟಲೆ ಸೋತ, ಅಣ್ಣನ ಮೇಲೆ ಒಮ್ಮೊಮ್ಮೆ ಸಿಡಿಮಿಡಿ ಮಾಡಿದ, ಕಡೆಗೆ ಬಲಗೈಯಲ್ಲಿ ಆಡತೊಡಗಿದ. ಮೊದಲಿನ ಚುರುಕು ಪೂರ್ತಿ ಬಂತೆಂದು ನಾನು ಹೇಳಲಾರೆ. ಅವನ ಜೊತೆಗಾರರಲ್ಲಿ ಇಬ್ಬರು ಎಡಕ್ಕೇ ಉಳಿದರು. ನಿಪ್ಪಾಣಿಯವರ ಜೊತೆ ಮತ್ತೊಮ್ಮೆ ಆಡುವಾಗ ನಾನು ಕರಾರಿನಲ್ಲಿ ಮೊದಲು ಬರೆಸಿದ್ದು ಮೌಸಿನ ವೈರಿನ ಉದ್ದ. ಆಗಲೂ ಸೋತೆವು, ಆದರೆ ಆಡಿ ಸೋತೆವು.

ಅಣ್ಣ ಸ್ಟೂಲಿನ ಮೇಲೆ ಮೊದಲಿನಂತೆ ಕೂರತೊಡಗಿದ. ಆದರೆ ಹೊಸಬರಿಗೆ ಮೊದಲಿನಂತೆ ಕಲಿಸುತ್ತಿರಲಿಲ್ಲ. ಕಾಗವಾಡದಿಂದ ಒಬ್ಬ ನಿವೃತ್ತ ಮಾಸ್ತರರು ಬಂದದ್ದು ನೆನಪಿದೆ. ಮೊಮ್ಮಗ ಆಡುವುದೇನೆಂದು ತಾವೂ ನೋಡಬೇಕಂತೆ. ಖುರ್ಚಿಯಲ್ಲಿ ನೆಟ್ಟಗೆ ಕೂತು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ಯಾವ ಕೈ ಎಲ್ಲಿಡ್ಬೇಕ್ರಿ?" ಎಂದು ಕೇಳಿದರು.

ನನಗೆ ಸಲಹೆ ನಾಲಿಗೆಯ ತುದಿಗೆ ಬಂದಿತ್ತು. ಅಣ್ಣ ನನ್ನ ಕಡೆ ನೋಡಿ ಬೇಡವೆಂದು ತಲೆ ಆಡಿಸಿದ. ಕೀಬೋರ್ಡನ್ನು ನಡುವೆ ಸರಿಸಿ, ಮೌಸನ್ನು ಅದರ ಮುಂದೆ, ಯಾವ ಬದಿಗೂ ಸೇರದಂತೆ ಇಟ್ಟ.

"ನೀವ ಇಡ್ರಿ ಮಾಸ್ತರ" ಎಂದ. "ಎಲ್ಲಿ ಹೋಗ್ತಾವ ನೋಡೋಣು. ಗುಂಡಿ ನಾ ಹೊಂದಿಸ್ತೀನಿ."

ಮಾಸ್ತರರು ತೊಡೆಯ ಮೇಲಿನ ಎರಡೂ ಕೈಯನ್ನು ಎತ್ತಿದರು. ಅಣ್ಣ ಸ್ಟೂಲು ಹತ್ತಿರ ಎಳೆದುಕೊಂಡು, ಅವಸರವಿಲ್ಲದೆ ಅವರ ಕೈ ನೋಡುತ್ತ ಕೂತ.